ಹಲ್ಲಿನಿಂದ ಕೇಳುತ್ತಿದ್ದ ಅಣ್ಣ

ನನ್ನ ಅಣ್ಣ ಇಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದ. ಬೇರೆ ಮಿಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಅದರ ಕಟ್ಟಿಗೆಯ ಹಿಡಿಕೆಯನ್ನು ಕಿವಿಗೆ ಇಟ್ಟುಕೊಳ್ಳುತ್ತಾರೆ. ಅಣ್ಣ ಆ ಹಿಡಿಕೆಯನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದ. ಕಣ್ಣು ಮುಚ್ಚಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬಾನೆಟ್ಟಿನೊಳಗೆ ಬಗ್ಗಿ ನಿಂತಾಗ ಗೋದಲಿಗೆ ಬಾಯಿ ಹಾಕಿದ ಎತ್ತಿನ ಹಾಗೆ ಕಾಣುತ್ತಿದ್ದ. ಹಿಡಿಕೆಯ ತುಂಬ ಅವನ ಹಲ್ಲಿನ ಗುರುತುಗಳಿದ್ದವು.

ಬಿಜಾಪುರದ ಟ್ಯಾಕ್ಸಿ ಜೀಪಿನವರು ಅದನ್ನು ಅವನ ಶೋಕಿ ಎಂದುಕೊಂಡಿದ್ದರು.

“ಏನ್ರಿ ಮಿಸ್ತ್ರಿ, ಇವತ್ತ ಉಪವಾಸೇನು? ನಮ್ಮ ಗಾಡಿ ತಿನ್ನಾಕ ನಿಂತೀರಿ?”

ಅಣ್ಣ ಹಿಡಿಕೆಯನ್ನು ಬಾಯಿಂದ ತೆಗೆಯದೆಯೇ ಹೇಳುತ್ತಿದ್ದ, “ಉಪ್ಪು ಕಡಿಮಿ ಐತಿ.”

ಅದು ಶೋಕಿ ಅಲ್ಲ ಎಂಬುದು ನನಗೊಬ್ಬಳಿಗೆ ಗೊತ್ತಿತ್ತು.

ಅವನು ಹೋದ ಮೇಲೆ ಅವನ ಬಗ್ಗೆ ನಾಲ್ಕು ಮಾತು ಬರೆದಿಡಬೇಕು ಎಂದು ಬಹಳ ಸಲ ಕೂತಿದ್ದೇನೆ. ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು, ಬರೆಯಲು ಕೈ ಬರುತ್ತದೆ. ಆದರೆ ಅವನ ಬಗ್ಗೆ ಏನು ಬರೆಯಲು ಹೋದರೂ ನಡುವೆ ನಾನು ಮಾಡಿದ ಒಂದು ತಪ್ಪು ಬಂದು ನಿಲ್ಲುತ್ತದೆ. ಆ ತಪ್ಪನ್ನು ನಾನು ಮಾಡಿದೆನೋ ಇಲ್ಲವೋ ಎಂಬುದೇ ನನಗೆ ಇಂದಿಗೂ ಸ್ಪಷ್ಟವಿಲ್ಲ. ಹೀಗಾಗಿ ಪ್ರತಿ ಸಲ ಹಾಳೆಯನ್ನು ಮಡಚಿ ಇಟ್ಟಿದ್ದೇನೆ. ಈ ಸಲ ಮಡಚುವುದಿಲ್ಲ.

ನಾವು ಬಬಲೇಶ್ವರದ ಕಮ್ಮಾರರು. ನಮ್ಮ ಮನೆಗಳಲ್ಲಿ ಹೆಂಗಸರು ಕುಲುಮೆಯ ಹತ್ತಿರ ಹೋಗಬಾರದು ಎಂಬುದಿಲ್ಲ. ತಿದಿ ಒತ್ತುವುದು ಹೆಂಗಸರ ಕೆಲಸವೇ. ನಾನು ಎಂಟು ವರ್ಷದವಳಿದ್ದಾಗಿನಿಂದ ಅಪ್ಪನಿಗೆ ತಿದಿ ಒತ್ತಿದ್ದೇನೆ. ಅಪ್ಪ ಒಂದು ಕುಡುಗೋಲು ಮುಗಿಸಿದರೆ ನಮ್ಮಿಬ್ಬರನ್ನೂ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸುತ್ತಿದ್ದ. ಹಿಂದಿನಿಂದ ಕುಡುಗೋಲಿಗೆ ಬೆರಳಿನಿಂದ ಹೊಡೆದು, “ಬಿರುಕು ಐತೋ ಇಲ್ಲೋ?” ಎಂದು ಕೇಳುತ್ತಿದ್ದ. ಅಣ್ಣ ತಪ್ಪುತ್ತಿದ್ದ. ನಾನು ತಪ್ಪುತ್ತಿರಲಿಲ್ಲ. “ಕೈ ಎಲ್ಲಾ ಹುಡುಗಗ ಹೋತು, ಕಿವಿ ಎಲ್ಲಾ ಈಕಿಗಿ ಬಂತು” ಎಂದು ಅಪ್ಪ ಅವ್ವನ ಮುಂದೆ ಹೇಳುತ್ತಿದ್ದ. ಅಣ್ಣನಿಗೆ ಸಿಟ್ಟು ಬರುತ್ತಿರಲಿಲ್ಲ. ಬಿರುಕು ಬಿಟ್ಟ ಕುಡುಗೋಲನ್ನು ಅವನೇ ಮತ್ತೆ ಬೆಂಕಿಗೆ ಹಾಕುತ್ತಿದ್ದ.

ಅಪ್ಪ ಸತ್ತ ಮೇಲೆ ಅಣ್ಣ ಕುಲುಮೆ ಮುಚ್ಚಿ ಬಿಜಾಪುರಕ್ಕೆ ಹೋದ. ಅಲ್ಲಿ ಮೋಟರು ಕೆಲಸ ಕಲಿತು, ಒಂದು ಬೇವಿನ ಗಿಡದ ಕೆಳಗೆ ತಗಡಿನ ಶೆಡ್ಡು ಹಾಕಿದ. ನನ್ನನ್ನು ತಿಕೋಟಾಕ್ಕೆ ಕೊಟ್ಟಿದ್ದರು. ಅದೂ ಕಮ್ಮಾರರ ಮನೆಯೇ. ಅಲ್ಲಿ ನನ್ನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಮೂರು ವರ್ಷ ಮಕ್ಕಳಾಗಲಿಲ್ಲವೆಂದು ಮೊದಲು ಅತ್ತೆ ಮಾತು ಬಿಟ್ಟಳು, ಆಮೇಲೆ ಗಂಡ ಬಿಟ್ಟ. ತಿದಿಯ ಸದ್ದು, ಸುತ್ತಿಗೆಯ ಸದ್ದು, ಮತ್ತೇನಿಲ್ಲ. ಒಂದು ವರ್ಷ ನಾಗರಪಂಚಮಿಗೆ ಅಣ್ಣ ಕರೆಯಲು ಬಂದ. ಹಬ್ಬ ಮುಗಿದರೂ ನಾನು ತಿರುಗಿ ಗಂಡನ ಮನೆಗೆ ಹೋಗಲಿಲ್ಲ. “ಯಾವಾಗ ಹೋಗ್ತಿ” ಎಂದು ಅಣ್ಣ ಕೇಳಲಿಲ್ಲ. ಶೆಡ್ಡಿನ ಹಿಂದಿನ ಖೋಲಿಯಲ್ಲಿ ಒಲೆ ಹೂಡಿಕೊಟ್ಟ.

ಅವನಿಗೆ ಕಿವಿ ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಗೋಳಗುಮ್ಮಟದಲ್ಲಿ. ಬಬಲೇಶ್ವರದಿಂದ ಸೋದರಮಾವನ ಮನೆಯವರು ಬಂದಿದ್ದರು, ಅವರನ್ನು ಕರೆದುಕೊಂಡು ಮೇಲೆ ಹತ್ತಿದೆವು. ತೋರಿಸುವವನು ಆಚೆ ಬದಿಯ ಗೋಡೆಯ ಹತ್ತಿರ ನಿಂತು ಕಾಗದದ ಚೂರೊಂದನ್ನು ಹರಿದ. ಆ ಪರ್ ಎಂಬ ಸದ್ದು ನಮ್ಮ ಕಿವಿಯ ಬುಡದಲ್ಲೇ ಆದಂತಾಯಿತು. ಮಕ್ಕಳು ಕುಣಿದರು. ಅಣ್ಣ ಗೋಡೆಗೆ ಕಿವಿ ಹಚ್ಚಿಯೇ ನಿಂತಿದ್ದ.

“ಯಾವಾಗ ಹರೀತಾನ ಅವಾ?” ಎಂದು ನನ್ನನ್ನು ಕೇಳಿದ.

“ಹರದ ಆತಲ್ಲೋ ಅಣ್ಣಾ.”

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಕೆಳಗೆ ಯಾರೋ ಚಪ್ಪಾಳೆ ಹೊಡೆದರು, ಅದು ಗುಡುಗಿನ ಹಾಗೆ ಸುತ್ತಿತು. ಅದು ಅವನಿಗೆ ಕೇಳಿಸಿತು, ನಕ್ಕ. ದಪ್ಪ ಸದ್ದು ಕೇಳುತ್ತಿತ್ತು, ಸಣ್ಣ ಸದ್ದು ಹೋಗಿಬಿಟ್ಟಿತ್ತು. ಮೆಟ್ಟಿಲು ಇಳಿಯುವಾಗ ಒಂದೇ ಮಾತು ಹೇಳಿದ, “ಶೆಡ್ಡಿಗೆ ಬರೋರಿಗೆ ಇದು ಗೊತ್ತಾಗಬಾರದು, ತಂಗಿ.”

ಮಿಸ್ತ್ರಿಗೆ ಸಣ್ಣ ಸದ್ದು ಯಾಕೆ ಬೇಕು ಎಂಬುದನ್ನು ಹೇಳಬೇಕು. ನನಗೆ ಅಣ್ಣ ಹೇಳಿಕೊಟ್ಟ ರೀತಿಯಲ್ಲೇ ಹೇಳುತ್ತೇನೆ. ಪೆಟ್ರೋಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೇರಿ ಬರುತ್ತದೆ, ಆಗ ಪ್ಲಗ್ಗು ಕಿಡಿ ಕೊಡುತ್ತದೆ, ಬೆಂಕಿ ಪಿಸ್ಟನ್ನನ್ನು ಕೆಳಗೆ ನೂಕುತ್ತದೆ. ಕಿಡಿ ಯಾವಾಗ ಬರಬೇಕು ಎಂಬುದೇ ಟೈಮಿಂಗ್.

“ನೀ ಜೋಕಾಲಿ ತೂಗಿಲ್ಲೇನು?” ಎಂದು ಅಣ್ಣ ಕೇಳಿದ್ದ. “ಬರೂ ಜೋಕಾಲಿಗೆ ಅಡ್ಡ ಕೈ ಕೊಟ್ಟರ ಮಣಿಕಟ್ಟು ಮುರೀತೈತಿ. ಹೋದಮ್ಯಾಲ ನೂಕಿದರ ಗಾಳಿ ನೂಕಿದಂಗ. ಬಂದು ಹೊಳ್ಳತೈತಲ್ಲ, ಆ ಗಳಿಗಿಗೆ ಬಲ ಬೀಳಬೇಕು. ಬೀಳಬೇಕಂದ್ರ ಕೈ ಒಂಚೂರು ಮೊದಲ ಎತ್ತಬೇಕು. ಕಿಡಿನೂ ಹಂಗ, ಒಂಚೂರು ಮೊದಲ ಬರಬೇಕು.”

“ಭಾಳ ಮೊದಲ ಬಂದ್ರ?”

“ಅಳ್ಳು ಸಿಡೀತಾವು.”

ಪಂಚಮಿಗೆ ಜೋಳದ ಅಳ್ಳು ಹುರಿಯುವಾಗ ಬಾಣಲೆಯಲ್ಲಿ ಮೊದಲ ಕಾಳುಗಳು ಸಿಡಿಯುವ ಸದ್ದು ನೆನಪಿಸಿಕೊಳ್ಳಿ. ಕಿಡಿ ಬೇಗ ಬಂದರೆ ಇಂಜಿನ್ನಿನೊಳಗೆ ಹಾಗೆಯೇ ಸಣ್ಣಗೆ ಟಿಕಿಟಿಕಿ ಎನ್ನುತ್ತದೆ. ಗಾಡಿ ನಿಂತಾಗ ಅನ್ನುವುದಿಲ್ಲ. ಏರು ಹತ್ತುವಾಗ, ಪೂರ್ತಿ ಎಕ್ಸಲೇಟರ್ ಒತ್ತಿದಾಗ ಮಾತ್ರ ಅನ್ನುತ್ತದೆ. ಆ ಸದ್ದು ಬರುವ ತನಕ ಕಿಡಿಯನ್ನು ಮುಂದಕ್ಕೆ ತರುತ್ತ ಹೋಗಬೇಕು, ಬಂದ ಕೂಡಲೇ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಬಿಗಿಮಾಡಬೇಕು. ಗಾಡಿಯ ಶಕ್ತಿಯೆಲ್ಲ ಆ ಅಂಚಿನಲ್ಲೇ ಇರುತ್ತದೆ. ಅಂಚು ದಾಟಿ ಓಡಿಸಿದರೆ ಪಿಸ್ಟನ್ ಸುಟ್ಟು ತೂತು ಬೀಳುತ್ತದೆ.

ಹಿಡಿಕೆ ಕಚ್ಚಿದರೂ ಅವನಿಗೆ ದಪ್ಪ ಸದ್ದಷ್ಟೇ ಸಿಗುತ್ತದೆ ಎಂದು ನಾನು ತಿಳಿದಿದ್ದೆ, ಗಾಡಿ ಓಡಿಸುವಾಗ ಕಚ್ಚಲೂ ಆಗದು. ಹೀಗಾಗಿ ನಾನು ಅವನ ಕಿವಿಯಾದೆ. ಹೆಣ್ಣುಮಗಳೊಬ್ಬಳು ಗಿರಾಕಿಯ ಗಾಡಿಯಲ್ಲಿ ಯಾಕೆ ಕೂಡುತ್ತಾಳೆ ಎಂದು ಜನ ಕೇಳದಿರಲಿ ಎಂದು ಅಣ್ಣ ಒಂದು ನೆಪ ಹುಡುಕಿದ. “ತಂಗಿನ್ನ ತಿಕೋಟಾಕ್ಕ ಬಿಟ್ಟು ಬರ್ತೀನ್ರಿ, ಹಂಗ ಗಾಡಿ ಟ್ರಾಯಲ್ ಆಗತೈತಿ.” ನಾನು ಸೀರೆ ಗಂಟು ಹಿಡಿದು ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದೆ. ತೊರವಿ ದಾಟಿದ ಮೇಲೆ ರಸ್ತೆ ಖಾಲಿಯಾಗುತ್ತಿತ್ತು. ತಿಕೋಟಾದ ಈಚೆಗೆ ಹಳ್ಳದ ಹತ್ತಿರ ಒಂದು ಉದ್ದನೆಯ ಏರು ಇದೆ. ಅಲ್ಲಿ ಅಣ್ಣ ಗಾಡಿಯನ್ನು ದಬಾಯಿಸುತ್ತಿದ್ದ. ಅಳ್ಳು ಕೇಳಿಸಿದರೆ ನಾನು ಮೊಣಕಾಲಿನಿಂದ ಅವನ ಸೀಟಿನ ಬೆನ್ನಿಗೆ ಒಮ್ಮೆ ಒತ್ತುತ್ತಿದ್ದೆ. ಗಾಡಿಯ ಸದ್ದಿನಲ್ಲಿ ಬಾಯಿಂದ ಹೇಳಿದರೆ ಅವನಿಗೆ ಕೇಳುತ್ತಿರಲಿಲ್ಲ, ಪಕ್ಕದಲ್ಲಿ ಗಿರಾಕಿ ಇದ್ದರೆ ಅವರಿಗೆ ಕೇಳುತ್ತಿತ್ತು. ಮೊಣಕಾಲು ಒತ್ತಿದರೆ ಅವನು ಗಾಡಿ ನಿಲ್ಲಿಸಿ, ಬಾನೆಟ್ ತೆಗೆದು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಎಳೆಯಷ್ಟು ತಿರುಗಿಸುತ್ತಿದ್ದ. ಸಂಜೆ ನಾನು ಗಂಟಿನ ಸಮೇತ ಮತ್ತೆ ಬಿಜಾಪುರದಲ್ಲಿ ಇಳಿಯುತ್ತಿದ್ದೆ.

“ಏನ್ ಬೇ ಯವ್ವಾ, ಇವತ್ತೂ ಗಂಡನ ಮನಿ ಮುಟ್ಲಿಲ್ಲೇನು?” ಎಂದು ಓಣಿಯ ಮುದುಕಿ ಕೇಳುತ್ತಿದ್ದಳು.

“ಗಾಡಿ ಕೆಟ್ಟಿತು, ಆಯಿ.”

“ನಿಮ್ಮಣ್ಣ ಎಂಥಾ ಮಿಸ್ತ್ರಿನೋ! ವಾರಕ್ಕ ಎರಡು ಸಲ ಗಾಡಿ ಕೆಡತಾವು, ಅದೂ ನಿನ್ನ ಬಿಡಾಕ ಹ್ವಾದಾಗ ಅಷ್ಟ!”

ನಗುತ್ತಿದ್ದೆವು. ಆ ಎರಡು ವರ್ಷ ನಾವಿಬ್ಬರೂ ಬಹಳ ನಕ್ಕಿದ್ದೇವೆ.

ಅಣ್ಣ ಸಾಮಾನು ಆರಿಸುವುದನ್ನು ನೋಡಬೇಕಿತ್ತು. ಮದುವೆಗೆ ಸೀರೆ ಆರಿಸುವವರೂ ಅಷ್ಟು ಹೊತ್ತು ಮಾಡುವುದಿಲ್ಲ. ಬಿಚ್ಚಿದ ಪ್ಲಗ್ಗುಗಳನ್ನು ಒಲೆಯ ಮುಂದೆ ತಂದು ನನಗೆ ತೋರಿಸುತ್ತಿದ್ದ. “ಯಾವ ರೊಟ್ಟಿ ಬೆಂದೈತಿ ಹೇಳು.” ತುದಿ ಕಪ್ಪಾಗಿದ್ದರೆ ಬೆಂದಿಲ್ಲ, ಬೆಳ್ಳಗಾಗಿದ್ದರೆ ಸುಟ್ಟಿದೆ, ಜೋಳದ ರೊಟ್ಟಿಯ ಮೇಲಿನ ಕಂದು ಚುಕ್ಕೆಯ ಬಣ್ಣ ಇದ್ದರೆ ಸರಿ. ಒಂದು ನಶ್ಯದ ಡಬ್ಬಿಯಲ್ಲಿ ಸಣ್ಣ ಸಣ್ಣ ಸ್ಪ್ರಿಂಗುಗಳನ್ನು ಕೂಡಿಟ್ಟಿದ್ದ. ಡಿಸ್ಟ್ರಿಬ್ಯೂಟರಿನೊಳಗೆ ಅಂಥ ಎರಡು ಸ್ಪ್ರಿಂಗ್ ಇರುತ್ತವೆ. ಗಾಡಿಯ ವೇಗ ಏರಿದಂತೆ ಅವು ಹಿಗ್ಗಿ ಕಿಡಿಯನ್ನು ಇನ್ನಷ್ಟು ಬೇಗ ಬರುವಂತೆ ಮಾಡುತ್ತವೆ. ಮೆತ್ತಗಿನ ಸ್ಪ್ರಿಂಗ್ ಹಾಕಿದರೆ ಲಗೂನೆ ಬರುತ್ತದೆ, ಬಿರುಸಿನದು ಹಾಕಿದರೆ ತಡ. ಒಂದೊಂದು ಸ್ಪ್ರಿಂಗನ್ನೂ ಉಗುರಿಗೆ ಸಿಕ್ಕಿಸಿ ಎಳೆದು ನೋಡಿ, ಒಂದು ಮೆತ್ತಗಿನದು ಒಂದು ಬಿರುಸಿನದು ಜೋಡಿ ಮಾಡುತ್ತಿದ್ದ. “ಗಂಡ ಹೆಂಡತಿ ಇಬ್ಬರೂ ಬಿರುಸಿದ್ರ ಮನಿ ನಡಿಯೂದಿಲ್ಲ” ಎನ್ನುತ್ತಿದ್ದ. ಇಬ್ಬರೂ ಮೆತ್ತಗಿದ್ದರೆ ಎಂದು ನಾನು ಕೇಳಿದರೆ, “ಮನಿಗೆ ಬೆಂಕಿ ಬೀಳತೈತಿ” ಎನ್ನುತ್ತಿದ್ದ.

ಬಬಲೇಶ್ವರದ ಸಾಹುಕಾರರ ಮಗ ಪುಣೆಯಲ್ಲಿ ಓದಿ ಬಂದಿದ್ದ. ಅವನನ್ನು ಎಲ್ಲರೂ ಸಣ್ಣ ಧಣಿ ಎನ್ನುತ್ತಿದ್ದರು. ಎಪ್ಪತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿರಬೇಕು, ಒಂದು ಹಳೆಯ ಸಣ್ಣ ಕಾರನ್ನು ಅಣ್ಣನ ಶೆಡ್ಡಿಗೆ ತಂದು ನಿಲ್ಲಿಸಿದ. ಮಹಾರಾಷ್ಟ್ರದ ಕಡೆ ಹಿಂದೆ ವಿಮಾನ ಇಳಿಯುತ್ತಿದ್ದ ಒಂದು ಹಾಳುಬಿದ್ದ ಬಯಲಿನಲ್ಲಿ ಕಾರುಗಳ ಓಟ ಇಡುತ್ತಾರಂತೆ, ಈ ಕಾರು ಅಲ್ಲಿ ಗೆಲ್ಲಬೇಕಂತೆ. ಮುಂಬಯಿಯಿಂದ ಒಂದು ಗೋಣಿಚೀಲದ ತುಂಬ ಸಾಮಾನು ತಂದಿದ್ದ. ತಲೆ ಉಬ್ಬಿದ ಹೊಸ ಪಿಸ್ಟನ್ನುಗಳು, ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ದೊಡ್ಡ ಕಾರ್ಬೊರೇಟರು, ಮೂರು ತರದ ಪ್ಲಗ್ಗು.

ಅಣ್ಣ ಎಲ್ಲವನ್ನೂ ಗೋಣಿಯ ಮೇಲೆ ಹರವಿ, ಸುತ್ತಲೂ ನಡೆದು, ಕಾರ್ಬೊರೇಟರುಗಳನ್ನು ಕಾಲಿನಿಂದ ಆಚೆ ಸರಿಸಿದ. “ಇವು ಬ್ಯಾಡ್ರಿ ಧಣ್ಯಾರ. ಸಣ್ಣ ಬಾಯಿಗೆ ದೊಡ್ಡ ತುತ್ತು ಆಗತೈತಿ.” ಪಿಸ್ಟನ್ನುಗಳನ್ನು ಇಟ್ಟುಕೊಂಡ. ಮರುದಿನ ನಾಲ್ಕನ್ನೂ ಚೀಲದಲ್ಲಿ ಹಾಕಿಕೊಂಡು ಬೆಳ್ಳಿ ತೂಗುವ ಪತ್ತಾರನ ಅಂಗಡಿಗೆ ಹೋದ. ನಾನೂ ಜೊತೆಗಿದ್ದೆ.

“ಯಾವ ದೇವರಿಗೋ ಮಿಸ್ತ್ರಿ ಈ ಕಿರೀಟ?” ಎಂದ ಪತ್ತಾರ.

“ನಾಕೂ ಒಂದ ತೂಕ ಅದಾವೋ ಇಲ್ಲೋ ಹೇಳ್ರಿ, ಸಾಕು.”

ಇರಲಿಲ್ಲ. ಹಗುರವಾದದ್ದಕ್ಕೆ ಸರಿಯಾಗುವಂತೆ ಉಳಿದ ಮೂರನ್ನೂ ಒಳಗಿನಿಂದ ಅರದಿಂದ ತೀಡಿ, ತೂಗಿಸಿ, ಮತ್ತೆ ತೀಡಿ, ಮೂರು ದಿನ ಓಡಾಡಿದ. ಕೊನೆಗೆ ತಕ್ಕಡಿಯ ಮುಳ್ಳು ಅಲುಗಾಡದೆ ನಿಂತಾಗ ಪತ್ತಾರ ಎದ್ದು ಅವನ ಭುಜ ತಟ್ಟಿದ. ಆ ತೀಡಿದ ಹಗುರ ಪುಡಿಯನ್ನು ಅಣ್ಣ ಅಂಗೈಯಲ್ಲಿ ಹಿಡಿದು ನೋಡುತ್ತ ಮನೆಯವರೆಗೆ ಬಂದದ್ದು ನನಗೆ ನೆನಪಿದೆ. ಅಷ್ಟು ಸಂತೋಷದಲ್ಲಿ ಅವನನ್ನು ನಾನು ಆಮೇಲೆ ನೋಡಲಿಲ್ಲ.

ಓಟ ಪಂಚಮಿ ಮುಗಿದ ಮೂರನೆಯ ದಿನ ಇತ್ತು. ಪಂಚಮಿಗೆ ಎರಡು ದಿನ ಇದ್ದಾಗ ಸಣ್ಣ ಧಣಿ ಬಂದು, “ಮಿಸ್ತ್ರಿ, ಇದು ಗೆದ್ದರ ನಿನ್ನ ಪುಣೆಕ್ಕ ಒಯ್ತೀನಿ. ಅಲ್ಲಿ ದೊಡ್ಡ ಗ್ಯಾರೇಜ್ ಹಾಕೂಣು, ಓಟದ ಗಾಡಿ ಅಷ್ಟ ಮಾಡೂಣು” ಎಂದ. ಊಟಕ್ಕೆ ಕೂತಾಗ ಅಣ್ಣ ಆ ಸುದ್ದಿ ತೆಗೆದ.

“ಪುಣೆದಾಗ ನಿನ್ನ ಎಲ್ಲಿ ಇಡೂದು ತಂಗಿ? ಅಲ್ಲಿ ನಮಗ ಯಾರ ಅದಾರ? ತಿಕೋಟಾದಾಗ ನಿಮ್ಮತ್ತಿ ಜೋಡಿ ನಾ ಮಾತಾಡ್ತೀನಿ. ವರ್ಷಾ ಪಂಚಮಿಗೆ ತಪ್ಪದ ಕರಿಯಾಕ ಬರ್ತೀನಿ.”

ನಾನು ಹೂಂ ಎಂದೆ. ಅವನಿಗೆ ಕಿವಿಯಾಗಲು ಪುಣೆಯಲ್ಲಿ ಯಾರಿರುತ್ತಾರೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅಲ್ಲಿ ಬೆಳಕಿನಿಂದ ಟೈಮಿಂಗ್ ನೋಡುವ ಯಂತ್ರ ಇರುತ್ತದೆ, ಕಿವಿ ಬೇಕಾಗುವುದಿಲ್ಲ ಎಂದು ಅವನೇ ಹೇಳಿದ. ಒಳ್ಳೆಯದಾಯಿತು ಎಂದುಕೊಂಡೆ. ಕೆಟ್ಟದಾಯಿತು ಎಂದೂ ಅಂದುಕೊಂಡಿರಬೇಕು.

ಪಂಚಮಿಯ ದಿನ ನಮ್ಮಲ್ಲಿ ಒಲೆಯ ಮೇಲೆ ಬಾಣಲೆ ಇಡುವುದಿಲ್ಲ. ಅಳ್ಳನ್ನು ಹಿಂದಿನ ದಿನವೇ ಹುರಿದಿಡಬೇಕು. ಯಾವಾಗ ಇಳಿಸಬೇಕು ಎಂಬುದು ನನಗೆ ಸದ್ದಿನಿಂದಲೇ ತಿಳಿಯುವುದರಿಂದ ಓಣಿಯ ಮೂರು ಮನೆಯವರು ತಮ್ಮ ಜೋಳವನ್ನೂ ನನ್ನ ಹತ್ತಿರವೇ ತಂದಿದ್ದರು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕಬ್ಬಿಣದ ಬಾಣಲೆಯ ಮುಂದೆ ಕೂತು ಹುರಿದೆ. ಸಿಡಿದು ಸಿಡಿದು ಕಿವಿ ತುಂಬಿಹೋಗಿತ್ತು. ಕೈ ತೊಳೆಯುವಾಗಲೂ ತಲೆಯೊಳಗೆ ಟಿಕಿಟಿಕಿ ಎನ್ನುತ್ತಲೇ ಇತ್ತು.

ಆಗಲೇ ಅಣ್ಣ ಬಂದು, “ನಡಿ, ಕಡೀ ಟ್ರಾಯಲ್” ಎಂದ.

ಅವತ್ತು ಸಣ್ಣ ಧಣಿ ತಾನೇ ಓಡಿಸುತ್ತೇನೆ ಎಂದು ಹಟ ಹಿಡಿದ. ಓಟದಲ್ಲಿ ಓಡಿಸುವವನು ಅವನೇ ತಾನೆ. ಅಣ್ಣ ಅವನ ಪಕ್ಕದಲ್ಲಿ ಕೂತ, ನಾನು ಗಂಟು ಹಿಡಿದು ಅಣ್ಣನ ಹಿಂದೆ ಕೂತೆ. ಓಡಿಸುವ ಕೆಲಸ ಇಲ್ಲದ್ದರಿಂದ ಅಣ್ಣನ ಕೈ ಖಾಲಿ ಇತ್ತು. ಅವನು ಸ್ಕ್ರೂಡ್ರೈವರಿನ ತುದಿಯನ್ನು ಕಾರಿನ ಮುಂದಿನ ತಗಡಿಗೆ ಒತ್ತಿ ಹಿಡಿಕೆಯನ್ನು ಕಚ್ಚಿಕೊಂಡ.

“ಹಬ್ಬದ ಉಂಡಿ ತಿನ್ನೂದು ಬಿಟ್ಟು ಗಾಡಿ ಕಡೀತಾನ ನೋಡ ನಿಮ್ಮಣ್ಣ” ಎಂದು ಧಣಿ ನನ್ನ ಕಡೆ ತಿರುಗಿ ನಕ್ಕ.

ತಿಕೋಟಾದಲ್ಲಿ ಚಹಾ ಕುಡಿಯಲು ನಿಂತೆವು. ಅಲ್ಲಿಂದ ನನ್ನ ಗಂಡನ ಮನೆಯ ಕುಲುಮೆ ಕಾಣುವುದಿಲ್ಲ, ಆದರೆ ಕೇಳುತ್ತದೆ. ಸುತ್ತಿಗೆ ಬೀಳುತ್ತಿತ್ತು. ನಡುವೆ ತಿದಿಯ ಉಸಿರು. ಅತ್ತೆ ಒತ್ತುತ್ತಿರಬೇಕು, ವಯಸ್ಸಾದ ಕೈ, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಮಾತು ಮಾತ್ರ ಯಾರದೂ ಇಲ್ಲ. ಧಣಿ ನನಗೂ ಒಂದು ಬಟ್ಟಲು ಚಹಾ ಕಳಿಸಿದ, ನಾನು ಕುಡಿಯಲಿಲ್ಲ. “ಹಬ್ಬ ಮುಗಿಸಿ ಹೋಗತಾಳಂತ್ರಿ” ಎಂದು ಅಣ್ಣ ಧಣಿಗೆ ಹೇಳಿದ, ನಾನು ಮತ್ತೆ ಕಾರು ಹತ್ತಿದೆ.

ಹೊಳ್ಳಿ ಬರುವಾಗ ಆ ಏರು ಬಂತು. ಧಣಿ ಪೂರ್ತಿ ಒತ್ತಿದ. ಕಾರು ಹಾರಿದಂತೆ ಹೋಯಿತು. ಅರ್ಧ ಏರಿನಲ್ಲಿ ನನಗೆ ಸದ್ದು ಕೇಳಿಸಿತು. ಟಿಕಿಟಿಕಿಟಿಕಿ. ಕೇಳಿಸಿತೇ? ಮುಂಜಾನೆಯಿಂದ ಕಿವಿಯಲ್ಲಿ ಉಳಿದಿದ್ದ ಅಳ್ಳಿನ ಸದ್ದೇ ಅದು ಎಂದು ನನ್ನ ತಲೆಯಲ್ಲೊಂದು ಧ್ವನಿ ಹೇಳಿತು. ಅಲ್ಲ, ಇಂಜಿನ್ನಿನದೇ ಎಂದು ಇನ್ನೊಂದು ಹೇಳಿತು. ಇಂಜಿನ್ನಿನದಾದರೆ ಸುಮ್ಮನಿರು, ಗಾಡಿ ಗೆಲ್ಲದಿರಲಿ ಎಂದು ಮೂರನೆಯದೊಂದು ಹೇಳಿತೇ? ಅದನ್ನು ಆಗಲೇ ಅಂದುಕೊಂಡೆನೋ, ಆಮೇಲೆ ಇಷ್ಟು ವರ್ಷ ಯೋಚಿಸಿ ಯೋಚಿಸಿ ಅಲ್ಲಿ ಸೇರಿಸಿದೆನೋ ತಿಳಿಯದು. ತಿಳಿದಿರುವುದು ಇಷ್ಟೇ: ನನ್ನ ಮೊಣಕಾಲು ಅಲುಗಾಡಲಿಲ್ಲ. ಅಣ್ಣನ ಸೀಟಿನಿಂದ ನಾಲ್ಕು ಬೆರಳು ದೂರ ಇತ್ತು, ಹಾಗೇ ಇತ್ತು.

ಏರು ಮುಗಿಯುತ್ತಿದ್ದಂತೆ ಅಣ್ಣ ಹಿಂದಕ್ಕೆ ತಿರುಗಿದ. ಹಿಡಿಕೆ ಇನ್ನೂ ಹಲ್ಲಿನಲ್ಲೇ ಇತ್ತು. ನನ್ನನ್ನು ನೋಡಿದ. ನಾನು ಹೊರಗೆ ಹೊಲದ ಕಡೆ ನೋಡಿದೆ. ಅವನು ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದು ಅಂಗಿಯ ತೋಳಿಗೆ ಒರೆಸಿಕೊಂಡ.

“ಸರಿ ಐತ್ರಿ ಧಣ್ಯಾರ” ಎಂದ.

ಓಟಕ್ಕೆ ನಾನು ಹೋಗಿರಲಿಲ್ಲ. ಎರಡು ದಿನ ಬಿಟ್ಟು ಅಣ್ಣ ಲಾರಿಯಲ್ಲಿ ಕಾರು ಹೇರಿಕೊಂಡು ಬಂದ. ಕಾರು ಎಲ್ಲರಿಗಿಂತ ಮುಂದಿತ್ತಂತೆ. ಮುಗಿಯಲು ಎರಡು ಸುತ್ತು ಇದ್ದಾಗ ಹೊಗೆ ಕಾರಿ ನಿಂತಿತಂತೆ. ಅಣ್ಣ ಇಂಜಿನ್ ಬಿಚ್ಚಿ ಒಂದು ಪಿಸ್ಟನ್ ಹೊರಗೆ ತೆಗೆದ. ಪತ್ತಾರನ ತಕ್ಕಡಿಯಲ್ಲಿ ತೂಗಿದ್ದ ಆ ಹೊಳೆಯುವ ಕಿರೀಟದ ನಡುವೆ ಬೆರಳು ತೂರುವಷ್ಟು ತೂತು ಬಿದ್ದಿತ್ತು.

ಮಾರನೆಯ ದಿನ ಸಣ್ಣ ಧಣಿ ಶೆಡ್ಡಿಗೆ ಬಂದ. ನಾಲ್ಕೈದು ಜೀಪಿನವರು ಅಲ್ಲೇ ಕೂತಿದ್ದರು.

“ಅಲ್ಲಿ ಪುಣೆದ ಮಿಸ್ತ್ರಿ ಒಬ್ಬಾಂವ ಹೇಳಿದ. ನಿಮ್ಮ ಗಾಡಿ ಮೊದಲನೇ ಸುತ್ತಿನಿಂದನ ಸಿಡೀತಿತ್ತು, ಬೇಲಿ ಆಚೆ ನಿಂತ ನನಗ ಕೇಳಾಕತ್ತಿತ್ತು ಅಂತ. ನಿನಗ ಕೇಳಲಿಲ್ಲೇನೋ?”

“ಸ್ಪ್ರಿಂಗ್ ಆರಿಸೂದ್ರಾಗ ತಪ್ಪಿದೆ ಧಣ್ಯಾರ” ಎಂದು ಅಣ್ಣ ತಲೆ ತಗ್ಗಿಸಿದ. “ಎರಡೂ ಮೆತ್ತಗಿನವು ಬಿದ್ದು ಹ್ವಾದವು. ತಪ್ಪು ನಂದ.”

ಹಾಗೆ ಆಗಿರಲಿಲ್ಲ. ಒಂದು ಮೆತ್ತಗಿನದು, ಒಂದು ಬಿರುಸಿನದು. ಆರಿಸುವಾಗ ನಾನು ಪಕ್ಕದಲ್ಲೇ ಇದ್ದೆ.

ಅಣ್ಣ ಮಾತಾಡುತ್ತಲೇ ಇದ್ದ. ಧಣಿ ಮೆಲ್ಲಗೆ ಅವನ ಹಿಂದೆ ಬಂದು, ಕಿಸೆಯಿಂದ ಬೆಂಕಿಪೊಟ್ಟಣ ತೆಗೆದು, ಅಣ್ಣನ ಕಿವಿಯ ಬುಡದಲ್ಲಿ ಅಲ್ಲಾಡಿಸಿದ. ಕಡ್ಡಿಗಳು ಗಲಗಲ ಎಂದವು. ಅಣ್ಣ ತಿರುಗಲಿಲ್ಲ. ಮತ್ತೊಮ್ಮೆ ಅಲ್ಲಾಡಿಸಿದ. ಅಣ್ಣ ಎದುರಿನ ಗೋಡೆಗೆ ಸ್ಪ್ರಿಂಗಿನ ವಿಷಯ ಹೇಳುತ್ತಲೇ ಇದ್ದ. ಜೀಪಿನವರು ಒಬ್ಬರ ಮುಖ ಒಬ್ಬರು ನೋಡಿದರು. ಧಣಿ ಪೊಟ್ಟಣವನ್ನು ಕಿಸೆಗೆ ಹಾಕಿಕೊಂಡು ಹೋದ.

ನಾನು ನೀರಿನ ಕೊಡ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅವನ ಕಿವಿ ನಾನು, ಅವತ್ತು ಹೇಳದೆ ಉಳಿದವಳು ನಾನು ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಏರಿನ ಮೇಲೆ ನಡೆದದ್ದರ ಬಗ್ಗೆ ನನಗೆ ಎಷ್ಟು ಗೊಂದಲವಿದ್ದರೂ ಇದರ ಬಗ್ಗೆ ಇಲ್ಲ. ಇದು ತಪ್ಪೇ.

ವಾರದೊಳಗೆ ‘ಕಿವುಡ ಮಿಸ್ತ್ರಿ’ ಎಂಬ ಹೆಸರು ಬಸ್ ಸ್ಟ್ಯಾಂಡಿನ ತನಕ ಹೋಯಿತು. ಜೀಪಿನವರು ಬರುವುದು ನಿಂತಿತು. ಪುಣೆಯ ಮಾತು ಯಾರೂ ಮತ್ತೆ ತೆಗೆಯಲಿಲ್ಲ. ನಾನು ತಿಕೋಟಾಕ್ಕೆ ಹೋಗುವ ಮಾತೂ ನಿಂತುಹೋಯಿತು. ನಾನು ಬಯಸಿದ್ದೇ ಆಯಿತಲ್ಲ ಎಂದು ಒಂದು ದಿನ ರೊಟ್ಟಿ ಬಡಿಯುವಾಗ ಹೊಳೆಯಿತು. ಆ ದಿನ ರೊಟ್ಟಿ ಹೊತ್ತಿಹೋಯಿತು.

ಅಣ್ಣ ಶೆಡ್ಡು ಬಿಟ್ಟು ನನ್ನನ್ನು ಕರೆದುಕೊಂಡು ಬಬಲೇಶ್ವರಕ್ಕೆ ಬಂದ. ಅಪ್ಪನ ಕುಲುಮೆಯ ಜಾಗದಲ್ಲೇ ಬಾವಿಗೆ ಕೂಡಿಸುವ ಡೀಸೆಲ್ ಇಂಜಿನ್ನುಗಳ ರಿಪೇರಿ ಶುರು ಮಾಡಿದ. ಡೀಸೆಲ್ ಇಂಜಿನ್ನಿಗೆ ಪ್ಲಗ್ಗಿಲ್ಲ, ಕಿಡಿಯಿಲ್ಲ. “ಇದು ಹುಟ್ಟಾ ಅಳ್ಳು ಹುರಿಯೂ ಇಂಜಿನ್ನು ತಂಗಿ. ಕೇಳೂದೇನು, ಬಿಡೂದೇನು” ಎಂದು ನಗುತ್ತಿದ್ದ. ಹೊನವಾಡದ ಕಡೆಯಿಂದಲೂ ರೈತರು ಬಂಡಿಯಲ್ಲಿ ಇಂಜಿನ್ ಹೇರಿಕೊಂಡು ಬರುತ್ತಿದ್ದರು. ಹೊಟ್ಟೆಗೇನೂ ಕಡಿಮೆಯಾಗಲಿಲ್ಲ. ಆದರೆ ಆ ನಶ್ಯದ ಡಬ್ಬಿಯನ್ನು ಅವನು ಮತ್ತೆ ತೆರೆದದ್ದನ್ನು ನಾನು ಕಾಣೆ. ತೂತು ಬಿದ್ದ ಪಿಸ್ಟನ್ನನ್ನು ಮಾತ್ರ ದೇವರ ಗೂಡಿನ ಮುಂದೆ ಇಟ್ಟಿದ್ದ. ಆ ತೂತಿನಲ್ಲಿ ಊದಿನಕಡ್ಡಿ ಸಿಕ್ಕಿಸುತ್ತಿದ್ದ. ದಿನಾ ಬೆಳಿಗ್ಗೆ ಕಡ್ಡಿ ಹಚ್ಚುವವಳು ನಾನು. ಅವನು ಅದನ್ನು ಯಾಕೆ ಅಲ್ಲಿಟ್ಟ ಎಂದು ಕೇಳುವ ಧೈರ್ಯ ಆಗಲಿಲ್ಲ.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಆದರೆ ಅವನ ಕಿವಿ ದಿನದಿನಕ್ಕೆ ಪೂರ್ತಿ ಹೋಗುತ್ತ ಬಂತು. ಅವನಿಗೆ ಗುಟ್ಟು ಹೇಳಬೇಕೆಂದರೆ ಓಣಿಗೆಲ್ಲ ಕೇಳುವಂತೆ ಕೂಗಬೇಕು. ಬರೆದು ಕೊಡೋಣವೆಂದರೆ ಅವನಿಗೆ ಅಂಕಿ ಬಿಟ್ಟರೆ ಅಕ್ಷರ ಬರುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ, “ಅಣ್ಣಾ, ಆವತ್ತು ಏರಿನ್ಯಾಗ...” ಎಂದು ಕೂಗಿದೆ. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿ, “ಏನಾತು ಬೇ, ಯಾರ ಬಿದ್ರು?” ಎಂದಳು. ಮಾತು ಅಲ್ಲಿಗೇ ನಿಂತಿತು.

ಅವನ ಕೊನೆಯ ಪಂಚಮಿ ಅದು, ನಮಗೆ ಗೊತ್ತಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹಬ್ಬದ ಹಿಂದಿನ ದಿನ ನಾನು ಅದೇ ಬಾಣಲೆ ಇಟ್ಟು ಅಳ್ಳು ಹುರಿಯುತ್ತಿದ್ದೆ. ಅಣ್ಣ ನನ್ನ ಬೆನ್ನ ಹಿಂದೆ ಮಣೆ ಹಾಕಿಕೊಂಡು ಕೂತ. ಆಗ ಅವನಿಗೆ ಗುಡುಗೂ ಕೇಳಿಸುತ್ತಿರಲಿಲ್ಲ. ಏನು ತೋಚಿತೋ, ಹಳೆಯ ಸ್ಕ್ರೂಡ್ರೈವರ್ ತಂದು, ನನ್ನ ಭುಜದ ಪಕ್ಕದಿಂದ ಚಾಚಿ, ಅದರ ತುದಿಯನ್ನು ಬಾಣಲೆಯ ಅಂಚಿಗೆ ಇಟ್ಟು ಹಿಡಿಕೆಯನ್ನು ಕಚ್ಚಿಕೊಂಡ. ಮುದುಕನಾಗುವ ಮೊದಲೇ ಹುಡುಗಾಟ ಶುರುವಾಯಿತು ಎಂದುಕೊಂಡೆ. ನನ್ನ ಬೆನ್ನು ಅಡ್ಡವಾಗಿ ಅವನಿಗೆ ಕಾಳು ಕಾಣುತ್ತಿರಲಿಲ್ಲ.

ಬಾಣಲೆ ಕಾದಿತು. ಜೋಳ ಹೊರಳಿತು. ಮೊದಲ ಕಾಳು ಸಿಡಿಯಿತು, ಅದರ ಬೆನ್ನಿಗೇ ನಾಲ್ಕು, ಹತ್ತು.

ಅಷ್ಟರಲ್ಲಿ ನನ್ನ ಬೆನ್ನಿಗೆ ಅವನ ಮೊಣಕಾಲು ಒಮ್ಮೆ ಒತ್ತಿತು.

ಕೈಯಲ್ಲಿದ್ದ ಕೋಲು ಹಾಗೇ ನಿಂತಿತು. ಹಲ್ಲಿನಿಂದ ದಪ್ಪ ಸದ್ದು ಮಾತ್ರ ಕೇಳುತ್ತದೆ ಎಂದು ನಾನು ತಿಳಿದಿದ್ದೆ. ಇಲ್ಲ, ಅವನಿಗೆ ಅಳ್ಳು ಕೇಳುತ್ತಿತ್ತು. ಹಾಗಾದರೆ ಅವತ್ತು ಏರಿನ ಮೇಲೆ, ಧಣಿ ಓಡಿಸುತ್ತಿದ್ದಾಗ, ಇದೇ ಹಿಡಿಕೆ ಅವನ ಹಲ್ಲಿನಲ್ಲಿತ್ತಲ್ಲ? ಕೇಳಿಸಿತ್ತೇ? ಕೇಳಿಸಿಯೂ ನನ್ನ ಮೊಣಕಾಲಿಗಾಗಿ ಕಾದನೇ? ಅದು ಬರಲಿಲ್ಲವೆಂದು ತಿರುಗಿ ನನ್ನ ಮುಖ ನೋಡಿದಾಗ ಅವನಿಗೆ ಅಲ್ಲಿ ಏನು ಕಂಡಿತು? ಆ ಪಿಸ್ಟನ್ನನ್ನು ಸುಟ್ಟವಳು ನಾನೋ, ತಿಳಿದೂ ತಿಳಿದೂ ಸುಡಲು ಬಿಟ್ಟವನು ಅವನೋ? ಅಥವಾ ಈಗ ಒತ್ತಿದ್ದು ಬರೀ ಹಳೆಯ ದಿನಗಳ ತಮಾಷೆಯೋ?

ತಿರುಗಿ ನೋಡಿದೆ. ಅವನು ಸ್ಕ್ರೂಡ್ರೈವರನ್ನು ಅಂಗಿಯ ತೋಳಿಗೆ ಒರೆಸಿಕೊಳ್ಳುತ್ತಿದ್ದ.

“ಸರಿ ಐತಿ ತಂಗಿ” ಎಂದ. “ಸೀದು ಹೋಗತಾವು, ಇಳಸು.”

ನಾನು ಬಾಣಲೆ ಇಳಿಸಿದೆ.